ಮಂಡ್ಯದ ಲಿಥಿಯಂ ಇನ್ನೂ ಮಣ್ಣಲ್ಲೇ ಯಾಕಿದೆ?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆ, ಅಲ್ಲಾಪಟ್ಟಣದಿಂದ ಸ್ವಲ್ಪ ದೂರ. 2020ರಲ್ಲಿ ನಮ್ಮ ಕಡೆ ಲಿಥಿಯಂ ಸಿಕ್ಕಿತು ಅಂತ ಟಿವಿಯಲ್ಲಿ ಬಂದಾಗ ಊರೆಲ್ಲ ಅದೇ ಮಾತು. ಜಮೀನಿನ ರೇಟು ಕೇಳಿಕೊಂಡು ಯಾರ್ಯಾರೋ ಬಂದರು. ಆಮೇಲೆ ಏನೂ ಆಗಲಿಲ್ಲ. ಈಗ ಕೇಂದ್ರ ಸರ್ಕಾರ 16,300 ಕೋಟಿ ರೂಪಾಯಿಯ ಮಿಷನ್ ಮಾಡಿದೆ, ಬೇಕಾದ ಖನಿಜ ನಮ್ಮಲ್ಲೇ ತೆಗೆಯುತ್ತೇವೆ ಅನ್ನುತ್ತಿದೆ. ಹಾಗಾದರೆ ಗಣಿ ಯಾವಾಗ ಶುರು? ನಮ್ಮ ಜಮೀನು ಹೋಗುತ್ತಾ? ಇಲ್ಲೇ ಲಿಥಿಯಂ ಸಿಕ್ಕರೆ ಎಲೆಕ್ಟ್ರಿಕ್ ಸ್ಕೂಟರ್ ಅಗ್ಗ ಆಗುತ್ತಾ?

ಉತ್ತರ: ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ, ಆಮೇಲೆ ಉದ್ದಕ್ಕೆ ಹೋಗೋಣ. ಗಣಿ ಸದ್ಯಕ್ಕಂತೂ ಇಲ್ಲ. ಜಮೀನಿನ ವಿಷಯದಲ್ಲಿ ಈಗಲೇ ಹೆದರಬೇಕಿಲ್ಲ, ಆದರೆ 2025ರಲ್ಲಿ ಒಂದು ನಿಯಮ ಬದಲಾಗಿದೆ, ಅದು ನಿಮಗೆ ಗೊತ್ತಿರಲೇಬೇಕು. ಸ್ಕೂಟರ್ ಅಗ್ಗ ಆಗಲ್ಲ. ಕೇಳಲು ಮೂರು ಬೇರೆ ಬೇರೆ ಪ್ರಶ್ನೆ, ಆದರೆ ಬೇರು ಒಂದೇ. ಇಷ್ಟು ದಿನ ನಮ್ಮ ಸರ್ಕಾರ ಕಲ್ಲು ಹುಡುಕುವುದು, ಹುಡುಕಿದ ಕಲ್ಲನ್ನು ಹರಾಜು ಹಾಕುವುದು, ಇಷ್ಟೇ ಕೆಲಸ ಅಂದುಕೊಂಡಿತ್ತು. ನಿಜವಾದ ಕಷ್ಟ ಶುರುವಾಗುವುದು ಕಲ್ಲು ಸಿಕ್ಕ ಮೇಲೆ.

ನಿಮ್ಮ ಕಡೆ ಸಿಕ್ಕಿದ್ದು ಎಷ್ಟು ಅಂತ ಮೊದಲು ನೋಡೋಣ. 2020ರ ಫೆಬ್ರವರಿಯಲ್ಲಿ ಪತ್ರಿಕೆಗಳಲ್ಲಿ ಬಂದ ಲೆಕ್ಕ 14,100 ಟನ್. ಊರು ಖುಷಿಪಟ್ಟಿದ್ದು ಆ ಅಂಕಿ ನೋಡಿ. ಮರುವರ್ಷ, 2021ರಲ್ಲಿ, ಅಣುಶಕ್ತಿ ಇಲಾಖೆ ಅಧಿಕೃತವಾಗಿ ಹೇಳಿದ್ದು ಮರಳಗಾಲ-ಅಲ್ಲಾಪಟ್ಟಣ ಪ್ರದೇಶದಲ್ಲಿ 1,600 ಟನ್, ಅದೂ 'ಅಂದಾಜು' ವರ್ಗದ್ದು. ಮೊದಲ ಅಂಕಿ ಎಲ್ಲರಿಗೂ ನೆನಪಿದೆ, ಎರಡನೆಯದು ಯಾರಿಗೂ ಇಲ್ಲ. ಸುದ್ದಿ ಅಂದ್ರೆ ಹಾಗೇ ಅಲ್ವಾ.

1,600 ಟನ್ ಜಾಸ್ತಿನಾ ಕಮ್ಮಿನಾ? 2024ರಲ್ಲಿ ಪ್ರಪಂಚದ ಗಣಿಗಳಿಂದ ಬಂದ ಲಿಥಿಯಂ ಸುಮಾರು 2.4 ಲಕ್ಷ ಟನ್. ಅಂದರೆ ನಿಮ್ಮ ಕಡೆಯ ಅಷ್ಟೂ ಲಿಥಿಯಂ, ಒಂದು ಚೂರೂ ಹಾಳಾಗದೆ ಹೊರಗೆ ಬಂತು ಅಂತಲೇ ಇಟ್ಟುಕೊಳ್ಳಿ, ಪ್ರಪಂಚಕ್ಕೆ ಅದು ಎರಡೂವರೆ ದಿನದ ಮಾಲು. ಸ್ಕೂಟರ್ ಲೆಕ್ಕದಲ್ಲಿ ನೋಡಿದರೆ, ಒಂದು ಸ್ಕೂಟರ್ ಬ್ಯಾಟರಿಗೆ ಮುನ್ನೂರು-ಮುನ್ನೂರೈವತ್ತು ಗ್ರಾಂ ಲಿಥಿಯಂ ಸಾಕು, ಹಾಗಾಗಿ ನಲವತ್ತೈದು-ಐವತ್ತು ಲಕ್ಷ ಸ್ಕೂಟರ್ ಆಗಬಹುದು. ಕೇಳೋಕೆ ದೊಡ್ಡದು. ಆದರೆ ನಮ್ಮ ದೇಶದಲ್ಲಿ ಒಂದು ವರ್ಷಕ್ಕೆ ಮಾರಾಟವಾಗುವ ದ್ವಿಚಕ್ರ ವಾಹನಗಳಲ್ಲಿ ಅದು ಕಾಲು ಭಾಗ.

'ಅಂದಾಜು' ಅನ್ನುವ ಮಾತನ್ನೂ ಬಿಡಿಸಿ ಹೇಳಬೇಕು, ಯಾಕಂದ್ರೆ ಎಲ್ಲ ಗೊಂದಲ ಹುಟ್ಟುವುದು ಅಲ್ಲೇ. ಖನಿಜ ಹುಡುಕುವುದರಲ್ಲಿ ನಾಲ್ಕು ಮೆಟ್ಟಿಲು: ಜಿ4, ಜಿ3, ಜಿ2, ಜಿ1. ಜಿ4 ಅಂದರೆ ಸುತ್ತಾಡಿ ನೋಡಿದ್ದು, ಮೇಲ್ಮೈ ಕಲ್ಲು ಆರಿಸಿದ್ದು. ಜಿ3ರಲ್ಲಿ ಅಲ್ಲೊಂದು ಇಲ್ಲೊಂದು ಕೊರೆದು ನೋಡಿರುತ್ತಾರೆ. ಜಿ2, ಜಿ1ಕ್ಕೆ ಬಂದಾಗ ಹತ್ತಿರ ಹತ್ತಿರ ಕೊಳವೆ ಕೊರೆದು, ಅಡಿಯಲ್ಲಿ ಕಲ್ಲು ಎಷ್ಟು ಅಗಲ, ಎಷ್ಟು ಆಳ, ಎಲ್ಲಿ ತುಂಡಾಗಿದೆ ಅಂತ ಹಿಡಿದಿರುತ್ತಾರೆ. ಬ್ಯಾಂಕು ಸಾಲ ಕೊಡುವುದು ಈ ಕೊನೆಯ ಎರಡು ಮೆಟ್ಟಿಲು ನೋಡಿ. ನಿಮ್ಮ ಊರಿನ 1,600 ಟನ್ ಇನ್ನೂ ಅಲ್ಲಿಗೆ ಬಂದ ಅಂಕಿ ಅಲ್ಲ. ಬೋರ್‌ವೆಲ್ ತೆಗೆಸುವವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ಪಾಯಿಂಟ್ ನೋಡುವವರು ತೆಂಗಿನಕಾಯಿ ಹಿಡಿದು 'ಇಲ್ಲಿ ನೀರಿದೆ' ಅಂದಿದ್ದಕ್ಕೂ ಎರಡಿಂಚು ನೀರು ಉಕ್ಕಿ ಬಂದಿದ್ದಕ್ಕೂ ಇರುವ ದೂರ ಎಷ್ಟು ಅಂತ.

ನಾನು ಬಹಳ ವರ್ಷ ಈ ಹುಡುಕುವ ಕೆಲಸದಲ್ಲೇ ಇದ್ದವನು. ನಿಮ್ಮ ಕಡೆಯ ಕಲ್ಲಿನ ಹೆಸರು ಪೆಗ್ಮಟೈಟ್. ಬಿಳಿ ಬೆಣಚುಕಲ್ಲು, ಮಿಣಿಮಿಣಿ ಅನ್ನುವ ಕಾಗೆಬಂಗಾರ, ನಸುಗೆಂಪು ಫೆಲ್ಡ್‌ಸ್ಪಾರ್, ಇವೆಲ್ಲ ದಪ್ಪ ದಪ್ಪ ಹರಳಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅದರ ನಡುವೆ ಮಾಸಲು ಹಸಿರು ಬಣ್ಣದ್ದೊಂದು ಇರುತ್ತದೆ, ಸ್ಪೊಡುಮೀನ್ ಅಂತ. ಲಿಥಿಯಂ ಇರುವುದು ಅದರಲ್ಲಿ. ಸುತ್ತಿಗೆಯಲ್ಲಿ ಒಂದೇಟು ಕೊಟ್ಟರೆ ಕಬ್ಬಿನ ಸಿಪ್ಪೆ ಥರ ಉದ್ದುದ್ದ ಸೀಳುತ್ತದೆ. ಒಂದು ಕೈಯಲ್ಲಿ ಫೆಲ್ಡ್‌ಸ್ಪಾರ್, ಇನ್ನೊಂದು ಕೈಯಲ್ಲಿ ಅಷ್ಟೇ ಗಾತ್ರದ ಸ್ಪೊಡುಮೀನ್ ಹಿಡಿದರೆ ಎರಡನೆಯದು ಭಾರ ಅಂತ ಕಣ್ಣು ಮುಚ್ಚಿಕೊಂಡೂ ಹೇಳಬಹುದು. ಕಲ್ಲು ಕಂಡಾಗ ನಮಗೂ ಖುಷಿ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಈ ಪೆಗ್ಮಟೈಟ್ ಹಾಸುಬಂಡೆ ಥರ ಹರಡಿಕೊಂಡಿರುವುದಿಲ್ಲ, ಗೋಡೆ ಥರ ನೆಲದೊಳಗೆ ನಿಂತಿರುತ್ತದೆ. ಇಲ್ಲಿ ಹತ್ತಡಿ ದಪ್ಪ ಇದ್ದದ್ದು ಐವತ್ತು ಅಡಿ ಆಚೆ ಎರಡಡಿಗೆ ಇಳಿದಿರುತ್ತದೆ, ಇನ್ನೂ ಆಚೆ ಮಾಯ. ಒಂದು ಕಡೆ ನಾವು ಕೊರೆದ ಕಲ್ಲಿನ ಸ್ಯಾಂಪಲ್ ಫಲಿತಾಂಶ ಲ್ಯಾಬಿನಿಂದ ಬರುವಷ್ಟರಲ್ಲಿ ಡ್ರಿಲ್ ಮೆಷಿನ್ನೇ ಬೇರೆ ಜಿಲ್ಲೆಗೆ ಹೋಗಿಬಿಟ್ಟಿತ್ತು. ಮುಂದಿನ ತೂತು ಎಲ್ಲಿ ಹಾಕಬೇಕು ಅಂತ ಗೊತ್ತಾಗುವ ಹೊತ್ತಿಗೆ ತೂತು ಹಾಕುವ ಯಂತ್ರ ಇಲ್ಲ. ಹುಡುಕಾಟ ನಿಧಾನ ಯಾಕೆ ಅಂತ ಕೇಳಿದರೆ ಇದೂ ಒಂದು ಉತ್ತರ.

ಸರಿ, ಚೆನ್ನಾಗಿ ಕೊರೆದು ನೋಡಿದರು, ಒಳ್ಳೆ ಕಲ್ಲೇ ಸಿಕ್ಕಿತು ಅನ್ನೋಣ. ಮುಂದೇನು?

ನೀವು ಮಂಡ್ಯದವರು, ಕಬ್ಬಿನ ಲೆಕ್ಕದಲ್ಲೇ ಹೇಳುತ್ತೇನೆ. ಕಬ್ಬು ಎಷ್ಟು ಚೆನ್ನಾಗಿ ಬಂದರೂ ಗಾಣ ಇಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ. ಕಾರ್ಖಾನೆ ನಿಂತ ವರ್ಷಗಳಲ್ಲಿ ಬೆಳೆದು ನಿಂತ ಕಬ್ಬನ್ನು ಕಡಿಯಲೂ ಆಗದೆ ಬಿಡಲೂ ಆಗದೆ ಜನ ಒದ್ದಾಡಿದ್ದು ನಿಮಗೆ ನಾನು ಹೇಳಬೇಕಾ? ಲಿಥಿಯಂ ಕಲ್ಲಿನದ್ದೂ ಅದೇ ಕಥೆ. ಒಳ್ಳೆ ಗಣಿಯ ಕಲ್ಲಲ್ಲೂ ಲಿಥಿಯಂ ಆಕ್ಸೈಡ್ ಇರುವುದು ನೂರಕ್ಕೆ ಒಂದು, ಒಂದೂವರೆ ಪಾಲು. ಅದನ್ನು ಪುಡಿ ಮಾಡಿ, ತೊಳೆದು, ತೇಲಿಸಿ, ಆರು ಪಾಲಿನ ಸಾರಕ್ಕೆ ತರಬೇಕು. ಆಮೇಲೆ ಆ ಸಾರವನ್ನು ಸಾವಿರ ಡಿಗ್ರಿ ದಾಟುವ ಬಿಸಿಯಲ್ಲಿ ಹುರಿಯಬೇಕು, ಹುರಿದರೆ ಮಾತ್ರ ಹರಳಿನ ಕಟ್ಟು ಸಡಿಲ ಆಗುತ್ತದೆ. ಗಂಧಕಾಮ್ಲ ಹಾಕಿ ಮತ್ತೆ ಬಿಸಿ ಮಾಡಬೇಕು, ನೀರಲ್ಲಿ ಇಳಿಸಬೇಕು, ಸೋಡಾ ಹಾಕಿ ಲಿಥಿಯಂ ಕಾರ್ಬೊನೇಟ್ ಆಗಿ ಒಡೆಸಬೇಕು. ಒಂದು ಟನ್ ಕಾರ್ಬೊನೇಟ್‌ಗೆ ಎಂಟು ಟನ್‌ನಷ್ಟು ಸಾರ ಬೇಕು. ಕಲ್ಲಿನ ಲೆಕ್ಕಕ್ಕೆ ಹೋದರೆ ಐವತ್ತು-ಅರವತ್ತು ಟನ್. ಒಂದು ಟನ್ ಬಿಳಿ ಪುಡಿಗೆ ಅಷ್ಟು ಕಲ್ಲು, ಅಷ್ಟು ಬೆಂಕಿ, ಅಷ್ಟು ಆಸಿಡ್, ಅಷ್ಟು ನೀರು. ಉಳಿದ ಪುಡಿಕಲ್ಲು ಗುಡ್ಡ ಆಗಿ ಎಲ್ಲೋ ಕೂರಬೇಕು.

ಈ ಗಾಣದ ಕೆಲಸದಲ್ಲಿ ಚೀನಾ ರಾಜ. ಪ್ರಪಂಚದಲ್ಲಿ ಅತಿ ಹೆಚ್ಚು ಲಿಥಿಯಂ ಕಲ್ಲು ತೆಗೆಯುವುದು ಆಸ್ಟ್ರೇಲಿಯಾ, ಆದರೆ ಅದರ ಬಹುಪಾಲು ಹಡಗು ಹತ್ತಿ ಹೋಗುವುದು ಚೀನಾಕ್ಕೆ. ಆಸ್ಟ್ರೇಲಿಯಾದವರು ಸುಮ್ನೆ ಕೂತಿಲ್ಲ, ತಾವೇ ಶುದ್ಧ ಮಾಡೋಣ ಅಂತ ಕಾರ್ಖಾನೆ ಕಟ್ಟಿದರು. 2024ರಲ್ಲಿ ಬೆಲೆ ಬಿದ್ದಾಗ ಅಲ್ಬೆಮಾರ್ಲ್ ಅನ್ನುವ ದೊಡ್ಡ ಕಂಪನಿ ಅಲ್ಲಿನ ಕೆಮರ್ಟನ್ ಘಟಕದ ಒಂದು ಭಾಗವನ್ನೇ ನಿಲ್ಲಿಸಿತು, ಕಟ್ಟುತ್ತಿದ್ದ ಇನ್ನೊಂದನ್ನು ಕೈಬಿಟ್ಟಿತು. ಕಲ್ಲು ಮನೆ ಬಾಗಿಲಲ್ಲೇ ಇದೆ, ದುಡ್ಡಿದೆ, ಎಂಜಿನಿಯರುಗಳಿದ್ದಾರೆ, ಆದರೂ ಆಗಲಿಲ್ಲ. ನಮ್ಮವರು ಇದನ್ನು ಇನ್ನೂ ಗಂಭೀರವಾಗಿ ನೋಡಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ನಮ್ಮವರು ಮಾಡಿದ್ದು ಹರಾಜು. 2023ರ ಆಗಸ್ಟ್‌ವರೆಗೆ ಲಿಥಿಯಂ ಅಣು ಖನಿಜಗಳ ಪಟ್ಟಿಯಲ್ಲಿತ್ತು, ಖಾಸಗಿಯವರು ಮುಟ್ಟುವಂತಿರಲಿಲ್ಲ. ಆ ವರ್ಷ ಗಣಿ ಕಾಯ್ದೆ ತಿದ್ದಿ ಲಿಥಿಯಂ ಸೇರಿ ಆರು ಖನಿಜಗಳನ್ನು ಆ ಪಟ್ಟಿಯಿಂದ ತೆಗೆದರು. ದೇಶಕ್ಕೆ ಬೇಕೇ ಬೇಕು ಅಂತ 30 'ನಿರ್ಣಾಯಕ ಖನಿಜ'ಗಳ ಪಟ್ಟಿ ಮಾಡಿ, ಅದರಲ್ಲಿ 24ನ್ನು ಕೇಂದ್ರವೇ ಹರಾಜು ಹಾಕುವ ಹಾಗೆ ಮಾಡಿದರು. ಹರಾಜಿನ ದುಡ್ಡು ಮಾತ್ರ ರಾಜ್ಯಕ್ಕೆ. ಪಟ್ಟಿ ಮಾಡಿದ್ದು ಸರಿ, ಖಾಸಗಿಯವರಿಗೆ ಬಾಗಿಲು ತೆಗೆದಿದ್ದೂ ಸರಿ. 2023ರ ನವೆಂಬರ್ 29ಕ್ಕೆ ಮೊದಲ ಕಂತಿನಲ್ಲಿ 20 ಬ್ಲಾಕ್, ಅಂದರೆ ಖನಿಜಕ್ಕೆ ಅಂತ ಗಡಿ ಗುರುತು ಮಾಡಿದ ಪ್ರದೇಶ, ಹರಾಜಿಗೆ ಬಂದವು.

ಅದರಲ್ಲಿ ಜಮ್ಮುವಿನ ರಿಯಾಸಿ ಕೂಡ ಇತ್ತು. ನೆನಪಿದೆಯಲ್ಲ, ಅದೇ ವರ್ಷ ಫೆಬ್ರವರಿಯಲ್ಲಿ '59 ಲಕ್ಷ ಟನ್ ಲಿಥಿಯಂ' ಅಂತ ದೊಡ್ಡ ಸುದ್ದಿ ಆಗಿದ್ದು. ಅದು 59 ಲಕ್ಷ ಟನ್ ಅದಿರು, ಲೋಹ ಅಲ್ಲ. ಅದೂ ಜಿ3. ಜೊತೆಗೆ ಅಲ್ಲಿ ಲಿಥಿಯಂ ಇರುವುದು ನಿಮ್ಮ ಕಡೆಯ ಥರ ಗಟ್ಟಿ ಹರಳಲ್ಲಲ್ಲ, ಜೇಡಿಯಂಥ ಕಲ್ಲಿನಲ್ಲಿ. ಅದರಿಂದ ಲಾಭಕ್ಕೆ ಲಿಥಿಯಂ ತೆಗೆಯುವುದು ಬೇರೆ ದೇಶಗಳಲ್ಲೂ ಇನ್ನೂ ಪಳಗದ ವಿದ್ಯೆ. ಮೊದಲ ಸಲ ಮೂರು ಜನ ಅರ್ಹ ಬಿಡ್ಡುದಾರರೂ ಬರಲಿಲ್ಲ ಅಂತ ಹರಾಜು ರದ್ದಾಯಿತು. 2024ರ ಮಾರ್ಚ್‌ನಲ್ಲಿ ಮತ್ತೆ ಕರೆದರು, ಆಗಲೂ ಆಗಲಿಲ್ಲ.

ಛತ್ತೀಸಗಢದ ಕಟ್‌ಘೋರಾದಲ್ಲಿ ಆಗಿದ್ದು ಇದಕ್ಕೆ ಪೂರ್ತಿ ಉಲ್ಟಾ, ನನ್ನ ಕಣ್ಣಿಗೆ ಅದು ಇನ್ನೂ ಜಾಸ್ತಿ ಚಿಂತೆಯ ವಿಷಯ. 2024ರ ಜೂನ್‌ನಲ್ಲಿ ಅಲ್ಲಿನ ಲಿಥಿಯಂ ಬ್ಲಾಕನ್ನು ಒಂದು ಕಂಪನಿ 76.05 ಪರ್ಸೆಂಟ್ ಪ್ರೀಮಿಯಂಗೆ ಹಿಡಿಯಿತು. ಇದರ ಅರ್ಥ ಏನು ಅಂದರೆ, ನಾಳೆ ಅಲ್ಲಿಂದ ನೂರು ರೂಪಾಯಿ ಬೆಲೆಯ ಖನಿಜ ಹೊರಗೆ ಹೋದರೆ 76 ರೂಪಾಯಿ ಸರ್ಕಾರಕ್ಕೆ. ಅದರ ಮೇಲೆ ರಾಜಧನ (ರಾಯಲ್ಟಿ), ಲಿಥಿಯಂಗೆ ಮೂರು ಪರ್ಸೆಂಟ್. ಉಳಿದ ಇಪ್ಪತ್ತು ಚಿಲ್ಲರೆಯಲ್ಲಿ ಗಣಿ ತೋಡಬೇಕು, ಕಲ್ಲು ಒಡೆಯಬೇಕು, ಸಾಗಿಸಬೇಕು, ಸಂಬಳ ಕೊಡಬೇಕು, ಬಡ್ಡಿ ಕಟ್ಟಬೇಕು. ಇಷ್ಟೆಲ್ಲ ಮಾಡಿ ಲಾಭನೂ ಆಗಬೇಕು! ಸಂಡೂರು ಕಡೆಯ ಕಬ್ಬಿಣದ ಅದಿರಿಗೆ ಈ ಥರದ ಹರಾಜು ನಡೆಯುತ್ತದೆ. ಅಲ್ಲಿ ಬೆಟ್ಟದಲ್ಲಿ ಏನಿದೆ ಅಂತ ನೂರು ವರ್ಷದಿಂದ ಗೊತ್ತು, ಪಕ್ಕದಲ್ಲೇ ಉಕ್ಕಿನ ಕಾರ್ಖಾನೆ ಬಾಯಿ ತೆರೆದು ಕೂತಿದೆ. ಲಿಥಿಯಂಗೆ ಎರಡೂ ಇಲ್ಲ. ಒಳಗೆ ಎಷ್ಟಿದೆ ಅಂತ ಗೊತ್ತಿಲ್ಲದ ಮಾಲಿಗೆ ಯಾರು ಜಾಸ್ತಿ ಪಾಲು ಕೊಡುತ್ತೀರಿ ಅಂತ ಕೂಗಿದರೆ, ಎಚ್ಚರ ಇರುವವನು ಬರುವುದಿಲ್ಲ, ಬರುವವನು ಮುಂದೆ ನೋಡಿಕೊಳ್ಳೋಣ ಅಂತ ಬರುತ್ತಾನೆ.

ಇದರ ಮೇಲೆ ಬೆಲೆಯ ಆಟ ಬೇರೆ. 2022ರ ಕೊನೆಯಲ್ಲಿ ಚೀನಾದ ಮಾರುಕಟ್ಟೆಯಲ್ಲಿ ಒಂದು ಟನ್ ಲಿಥಿಯಂ ಕಾರ್ಬೊನೇಟ್ ಆರು ಲಕ್ಷ ಯುವಾನ್ ಹತ್ತಿರ ಹೋಗಿತ್ತು. 2025ರ ನಡುವೆ ಅದು ಅರವತ್ತು-ಎಪ್ಪತ್ತು ಸಾವಿರ. ಟೊಮೆಟೊ ಬೆಳೆದವರಿಗೆ ಈ ಇಳಿತ ಹೊಸದಲ್ಲ, ಆದರೆ ಟೊಮೆಟೊ ಮೂರು ತಿಂಗಳ ಬೆಳೆ. ಹುಡುಕಾಟದಿಂದ ಶುರುಮಾಡಿ ಗಣಿಯಿಂದ ಮಾಲು ಬರಲು ಹತ್ತು-ಹದಿನೈದು ವರ್ಷ ಬೇಕು. ಅಷ್ಟು ದಿನ ಬೆಲೆ ಎಲ್ಲಿರುತ್ತದೆ ಅಂತ ಯಾವ ಬ್ಯಾಂಕು ನಂಬಿ ಸಾಲ ಕೊಡುತ್ತದೆ?

ಇನ್ನು ನೀವು ಕೇಳಿದ 16,300 ಕೋಟಿ. 2025ರ ಜನವರಿ 29ಕ್ಕೆ ಕೇಂದ್ರ ಸಂಪುಟ ಇದಕ್ಕೆ ಒಪ್ಪಿತು. ಏಳು ವರ್ಷದ ಕಾರ್ಯಕ್ರಮ, 2030-31ರವರೆಗೆ. ಸರ್ಕಾರಿ ಕಂಪನಿಗಳು ಇನ್ನೂ 18,000 ಕೋಟಿ ಹಾಕಬೇಕು ಅನ್ನುವ ಲೆಕ್ಕವಿದೆ. ಕೇಂದ್ರದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ ಜಿಎಸ್‌ಐ 1,200 ಕಡೆ ಹುಡುಕಾಟ ಮಾಡಬೇಕು, ಹೊರದೇಶದಲ್ಲಿ ಗಣಿ ಹಿಡಿಯಬೇಕು, ಶುದ್ಧ ಮಾಡುವ ಘಟಕ ಬರಬೇಕು, ಹಳೇ ಬ್ಯಾಟರಿ ಬಿಚ್ಚಿ ಲೋಹ ತೆಗೆಯಬೇಕು, ಎಲ್ಲ ಅದರಲ್ಲಿದೆ. ಹೊರದೇಶದ ಕೆಲಸಕ್ಕೆ ಮೂರು ಸರ್ಕಾರಿ ಕಂಪನಿ ಸೇರಿ 2019ರಲ್ಲೇ ಕಾಬಿಲ್ ಅಂತ ಒಂದು ಸಂಸ್ಥೆ ಕಟ್ಟಿದ್ದಾರೆ. ಅದು 2024ರ ಜನವರಿಯಲ್ಲಿ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದಲ್ಲಿ 15,703 ಹೆಕ್ಟೇರ್‌ನ ಐದು ಬ್ಲಾಕ್ ಹಿಡಿಯಿತು. ಅಲ್ಲಿ ಲಿಥಿಯಂ ಇರುವುದು ಕಲ್ಲಿನಲ್ಲಲ್ಲ, ಉಪ್ಪುನೀರಿನಲ್ಲಿ. ಅಲ್ಲೂ ಮೊದಲು ಹುಡುಕಾಟವೇ. ಕಸ್ಟಮ್ಸ್ ಸುಂಕದ ವಿಷಯದಲ್ಲಿ 2024ರ ಬಜೆಟ್ 25 ಖನಿಜಗಳಿಗೆ ಪೂರ್ತಿ ವಿನಾಯಿತಿ ಕೊಟ್ಟಿತು. ಇದನ್ನು ಯಾರೂ ದೊಡ್ಡದಾಗಿ ಮಾತಾಡಲಿಲ್ಲ, ಆದರೆ ನನ್ನ ಪ್ರಕಾರ ಇದು ಹರಾಜಿಗಿಂತ ಬುದ್ಧಿವಂತ ಹೆಜ್ಜೆ. ಕಬ್ಬು ನಮ್ಮ ಹೊಲದ್ದೇ ಆಗಬೇಕು ಅಂತೇನಿಲ್ಲ. ಗಾಣ ನಮ್ಮದಾದರೆ ಹೊರಗಿಂದ ಕಬ್ಬು ತಂದಾದರೂ ಅರೆಯಬಹುದು.

ಲಿಥಿಯಂ ಬಿಟ್ಟು ಒಂದು ನಿಮಿಷ ಅಯಸ್ಕಾಂತದ ಕಡೆ ಬನ್ನಿ, ನಿಜವಾದ ಪೆಟ್ಟು ಬಿದ್ದಿದ್ದು ಅಲ್ಲಿ. 2025ರ ಏಪ್ರಿಲ್ 4ರಂದು ಚೀನಾ ರೇರ್ ಅರ್ತ್ (ವಿರಳ ಭೂಧಾತು) ಅನ್ನುವ ಗುಂಪಿನ ಏಳು ಲೋಹಗಳಿಗೂ ಅವುಗಳಿಂದ ಮಾಡಿದ ಅಯಸ್ಕಾಂತಗಳಿಗೂ ರಫ್ತು ಲೈಸೆನ್ಸ್ ಕಡ್ಡಾಯ ಮಾಡಿತು. ಡಿಸ್ಪ್ರೋಸಿಯಂ, ಟರ್ಬಿಯಂ, ಇಂಥ ಬಾಯಿಗೆ ಬರದ ಹೆಸರಿನವು. ಎಲೆಕ್ಟ್ರಿಕ್ ಗಾಡಿಯ ಮೋಟರ್ ಬಿಸಿಯಾದಾಗ ಅಯಸ್ಕಾಂತ ಶಕ್ತಿ ಕಳೆದುಕೊಳ್ಳದ ಹಾಗೆ ನೋಡಿಕೊಳ್ಳಲು ಇವು ಚಿಟಿಕೆಯಷ್ಟು ಬೇಕು. ಸಾರಿಗೆ ಒಗ್ಗರಣೆ ಇದ್ದ ಹಾಗೆ. ಆ ಚಿಟಿಕೆ ನಿಂತಿತು ಅಂತ ಕೆಲವೇ ವಾರದಲ್ಲಿ ನಮ್ಮ ವಾಹನ ಕಂಪನಿಗಳು ಉತ್ಪಾದನೆ ಕಡಿಮೆ ಮಾಡುವ ಮಾತಾಡಿದವು. ಮೋಟರ್ ಇದೆ, ಬ್ಯಾಟರಿ ಇದೆ, ಚಾಸಿ ಇದೆ, ಅಯಸ್ಕಾಂತ ಇಲ್ಲ.

ತಮಾಷೆ ಏನು ಗೊತ್ತಾ, ರೇರ್ ಅರ್ತ್ ನಮ್ಮಲ್ಲಿ ಬೇಕಾದಷ್ಟಿದೆ. ಕೇರಳ, ತಮಿಳುನಾಡು, ಒಡಿಶಾ, ಆಂಧ್ರದ ಕಡಲ ತೀರದ ಕಪ್ಪು ಮರಳಲ್ಲಿ ಮೊನಜೈಟ್ ಅಂತ ಒಂದು ಖನಿಜ ಇದೆ. ಅದರಲ್ಲಿರುವ ರೇರ್ ಅರ್ತ್ ಲೆಕ್ಕ ಹಾಕಿದರೆ ನಾವು ಪ್ರಪಂಚದ ಮೊದಲ ನಾಲ್ಕೈದು ದೇಶಗಳ ಸಾಲಿಗೆ ಬರುತ್ತೇವೆ. ಐಆರ್‌ಇಎಲ್ ಅನ್ನುವ ಸರ್ಕಾರಿ ಕಂಪನಿ 1950ರಿಂದ ಈ ಕೆಲಸದಲ್ಲಿದೆ. ಮೊನಜೈಟ್‌ನಲ್ಲಿ ಥೋರಿಯಂ ಕೂಡ ಇರುವುದರಿಂದ ಅದು ಅಣುಶಕ್ತಿ ಇಲಾಖೆಯ ಮಾಲು, ಖಾಸಗಿಯವರಿಗೆ ಅವಕಾಶ ಇಲ್ಲ. ಕಡಲ ತೀರದ ನಿಯಮಗಳೂ ಬಿಗಿ. ಹೀಗಾಗಿ ಎಲ್ಲ ಸೇರಿ ನಮ್ಮ ಉತ್ಪಾದನೆ ವರ್ಷಕ್ಕೆ ಮೂರು ಸಾವಿರ ಟನ್ ಒಳಗೇ ನಿಂತಿದೆ.

2025ರ ನವೆಂಬರ್‌ನಲ್ಲಿ ಸರ್ಕಾರ ಅಯಸ್ಕಾಂತ ಮಾಡುವವರಿಗೆ 7,280 ಕೋಟಿಯ ಯೋಜನೆ ತಂದಿತು. ವರ್ಷಕ್ಕೆ 6,000 ಟನ್ ಅಯಸ್ಕಾಂತ ಗುರಿ. ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಅಯಸ್ಕಾಂತದ ತೂಕದಲ್ಲಿ ಸುಮಾರು ಮೂವತ್ತು ಪರ್ಸೆಂಟ್ ರೇರ್ ಅರ್ತ್, ಮುಖ್ಯವಾಗಿ ನಿಯೋಡಿಮಿಯಂ ಮತ್ತು ಪ್ರೇಸಿಯೋಡಿಮಿಯಂ. ಆರು ಸಾವಿರ ಟನ್‌ಗೆ ಸಾವಿರದ ಎಂಟುನೂರು ಟನ್ ಬೇಕು. ನಮ್ಮ ಮೊನಜೈಟ್‌ನ ರೇರ್ ಅರ್ತ್‌ನಲ್ಲಿ ಈ ಎರಡರ ಪಾಲು ಐದರಲ್ಲಿ ಒಂದರಷ್ಟು. ಈಗಿನ ಉತ್ಪಾದನೆಯಲ್ಲಿ ಸಿಗುವುದು ಆರುನೂರು ಟನ್ ಆಸುಪಾಸು. ಉಳಿದ ಸಾವಿರದ ಇನ್ನೂರು ಟನ್ ಎಲ್ಲಿಂದ? ಡಿಸ್ಪ್ರೋಸಿಯಂ ಅಂತೂ ನಮ್ಮ ಮರಳಲ್ಲಿ ಲೆಕ್ಕಕ್ಕಿಲ್ಲ. ಅಂದರೆ ಗಾಣ ಬಂದ ಮೇಲೂ ಒಂದಷ್ಟು ಕಬ್ಬು ಹೊರಗಿಂದಲೇ ಬರಬೇಕು.

ಆದರೂ ಈ ಯೋಜನೆಯನ್ನು ನಾನು ಹೊಗಳುತ್ತೇನೆ, ಯಾಕಂದ್ರೆ ಇದರಲ್ಲಿ 6,450 ಕೋಟಿ ಇಟ್ಟಿರುವುದು ಮಾರಾಟದ ಮೇಲೆ. ಕಾರ್ಖಾನೆ ಕಟ್ಟಿ ಉದ್ಘಾಟನೆ ಮಾಡಿಸಿ ಸಬ್ಸಿಡಿ ಹೊಡೆದು ಬೀಗ ಹಾಕಿದರೆ ಆ ದುಡ್ಡು ಸಿಗಲ್ಲ, ಅಯಸ್ಕಾಂತ ಮಾಡಿ ಮಾರಿದರೆ ಮಾತ್ರ ಐದು ವರ್ಷ ಸಿಗುತ್ತದೆ. ಅಮೆರಿಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2025ರ ಜುಲೈನಲ್ಲಿ ಅವರ ರಕ್ಷಣಾ ಇಲಾಖೆ ಎಂಪಿ ಮೆಟೀರಿಯಲ್ಸ್ ಅನ್ನುವ ರೇರ್ ಅರ್ತ್ ಕಂಪನಿಯ ನಿಯೋಡಿಮಿಯಂ-ಪ್ರೇಸಿಯೋಡಿಮಿಯಂಗೆ ಹತ್ತು ವರ್ಷ ಕಿಲೋಗೆ 110 ಡಾಲರ್ ಕನಿಷ್ಠ ಬೆಲೆ ಖಾತ್ರಿ ಮಾಡಿತು. ಮಾರುಕಟ್ಟೆ ಬೆಲೆ ಅದಕ್ಕಿಂತ ಕೆಳಗೆ ಬಿದ್ದರೆ ವ್ಯತ್ಯಾಸ ಸರ್ಕಾರ ತುಂಬುತ್ತದೆ. ಬೆಂಬಲ ಬೆಲೆ! ರಾಗಿಗೆ, ಭತ್ತಕ್ಕೆ ನಾವು ಕೊಡುತ್ತೇವಲ್ಲ, ಅದೇ. ಮುಕ್ತ ಮಾರುಕಟ್ಟೆ ಅಂತ ಊರಿಗೆಲ್ಲ ಪಾಠ ಹೇಳುತ್ತಿದ್ದವರು ಕೊನೆಗೆ ರಾಗಿ ಖರೀದಿ ಕೇಂದ್ರ ತೆರೆದ ಹಾಗೆ ಆಯಿತು. ನಗು ಬಂದರೂ ಅವರು ಮಾಡಿದ್ದು ಸರಿ.

ಜಪಾನ್ ಇದನ್ನು ಬಹಳ ಮೊದಲೇ ಕಲಿತಿತ್ತು. 2010ರಲ್ಲಿ ದೋಣಿಯೊಂದರ ಜಗಳದಲ್ಲಿ ಚೀನಾ ರೇರ್ ಅರ್ತ್ ಸಾಗಣೆ ತಡೆದಾಗ ಜಪಾನಿನವರು ತಮ್ಮ ನೆಲ ಅಗೆಯಲು ಹೋಗಲಿಲ್ಲ. ಮರುವರ್ಷವೇ ಆಸ್ಟ್ರೇಲಿಯಾದ ಲೈನಸ್ ಕಂಪನಿಗೆ 25 ಕೋಟಿ ಡಾಲರ್ ಕೊಟ್ಟರು, ಅದಿರು ಆಸ್ಟ್ರೇಲಿಯಾದ್ದು, ಶುದ್ಧ ಮಾಡುವ ಘಟಕ ಮಲೇಷ್ಯಾದಲ್ಲಿ, ಮಾಲು ಜಪಾನಿಗೆ. ಮಧ್ಯೆ ಬೆಲೆ ಬಿದ್ದು ಲೈನಸ್ ಮುಳುಗುವ ಸ್ಥಿತಿಗೆ ಬಂದಾಗ ಸಾಲದ ಗಡುವು ಮುಂದೂಡಿ ಉಳಿಸಿಕೊಂಡರು. ಆ ತಾಳ್ಮೆ ನಮ್ಮಲ್ಲಿ ಇದೆಯಾ ಅನ್ನುವುದೇ ನನ್ನ ಅನುಮಾನ. ನಮ್ಮಲ್ಲಿ ಎರಡು ವರ್ಷ ಫಲಿತಾಂಶ ಬರದಿದ್ದರೆ ಆಡಿಟ್ ಆಕ್ಷೇಪಣೆ ಬರುತ್ತದೆ.

ನಮ್ಮ ರಾಜ್ಯದಲ್ಲಿ ಹೊಸ ಗಣಿಗಿಂತ ಮೊದಲು ನೋಡಬೇಕಾದ ಜಾಗಗಳು ಬೇರೆ ಇವೆ ಅಂತ ನನ್ನ ಅಭಿಪ್ರಾಯ. ಅಲ್ಯೂಮಿನಾ ಕಾರ್ಖಾನೆಗಳ ದ್ರಾವಣದಲ್ಲಿ ಚಿಪ್ ಮಾಡಲು ಬೇಕಾಗುವ ಗ್ಯಾಲಿಯಂ ಲೋಹ ಸಣ್ಣ ಪ್ರಮಾಣದಲ್ಲಿ ಇದ್ದೇ ಇರುತ್ತದೆ, ಅಂಥ ಕಾರ್ಖಾನೆ ಬೆಳಗಾವಿಯಲ್ಲೇ ಇದೆ. ಕೆಜಿಎಫ್‌ನಲ್ಲಿ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೂ ಸೈನೈಡ್ ಗುಡ್ಡಗಳು ಹಾಗೇ ನಿಂತಿವೆ, ಬೇಸಿಗೆಯ ಗಾಳಿಗೆ ಆ ಪುಡಿ ಮನೆಯೊಳಗೆ ಬರುತ್ತದೆ ಅಂತ ಅಲ್ಲಿನವರು ಬೈದುಕೊಂಡೇ ಬದುಕುತ್ತಿದ್ದಾರೆ. ಕಲ್ಲು ಒಡೆದು ಪುಡಿ ಮಾಡುವ ಖರ್ಚು ಅಲ್ಲಿ ಆಗಲೇ ಮುಗಿದಿದೆ, ಚಿನ್ನದ ಜೊತೆ ಇನ್ನೇನಿದೆ ಅಂತ ಕೂಲಂಕಷ ನೋಡಿ, ಬಂದರೆ ಲೋಹ, ಇಲ್ಲದಿದ್ದರೆ ಗುಡ್ಡವಾದರೂ ಕರಗುತ್ತದೆ. ಇಂಥ ಗಣಿ ತ್ಯಾಜ್ಯದಿಂದ ಖನಿಜ ತೆಗೆಯುವ ಪ್ರಯೋಗಗಳಿಗೆ ಮಿಷನ್‌ನಲ್ಲಿ 100 ಕೋಟಿ ಇಟ್ಟಿದ್ದಾರೆ. ಕಮ್ಮಿ ಆಯಿತು.

ಮತ್ತೆ ಗುಜರಿ. ಬೆಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿ ನಾನು ನೋಡಿದ್ದು ಹೇಳುತ್ತೇನೆ. ಹಳೇ ಬ್ಯಾಟರಿ ಪ್ಯಾಕ್ ಬಿಚ್ಚಿ, ಒಳಗಿನ ಸೆಲ್‌ಗಳನ್ನು ಒಬ್ಬ ಹುಡುಗ ಇಕ್ಕಳದಲ್ಲಿ ಒಂದೊಂದಾಗಿ ಬಿಡಿಸಿ ಬಕೆಟ್ಟಿಗೆ ಹಾಕುತ್ತಿದ್ದ, ಕೈಗೆ ಗ್ಲೌಸ್ ಇಲ್ಲ, ಪಕ್ಕದಲ್ಲಿ ಬೆಂಕಿ ಹತ್ತಿದರೆ ಇರಲಿ ಅಂತ ಒಂದು ಮರಳಿನ ಚೀಲ. ತಾಮ್ರ, ಅಲ್ಯೂಮಿನಿಯಂ ಅವರಿಗೆ ಬೇಕು. ಒಳಗಿನ ಕಪ್ಪು ಪುಡಿ? 'ಅದು ಕಸ ಸಾರ್, ಯಾರೋ ಬಂದು ತಗೊಂಡು ಹೋಗ್ತಾರೆ.' ಲಿಥಿಯಂ, ಕೋಬಾಲ್ಟ್, ನಿಕ್ಕೆಲ್ ಎಲ್ಲ ಇರುವುದು ಆ ಕಸದಲ್ಲೇ. ನೆಲದ ಕಲ್ಲಲ್ಲಿ ನೂರಕ್ಕೆ ಒಂದು ಪಾಲು ಹುಡುಕಿಕೊಂಡು ಕಾಡು ಅಲೆಯುವ ನಾವು, ಅದಕ್ಕಿಂತ ಸತ್ವ ಇರುವ ಅದಿರನ್ನು ಬಕೆಟ್ಟಿನಲ್ಲಿ ತುಂಬಿ ಕಳಿಸುತ್ತಿದ್ದೇವೆ. 2025ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ 1,500 ಕೋಟಿಯ ಪ್ರೋತ್ಸಾಹ ಯೋಜನೆ ಬಂದಿದೆ, ಸಣ್ಣ ಘಟಕಗಳಿಗೂ ಒಂದು ಪಾಲು ಮೀಸಲು. ಆ ಹುಡುಗನ ಮಾಲೀಕನವರೆಗೆ ಅದು ಇಳಿಯುತ್ತಾ ನೋಡಬೇಕು.

ಈಗ ನಿಮ್ಮ ಜಮೀನು. ಅಲ್ಲಿ ಮುಂದೆ ಗಣಿ ಗುತ್ತಿಗೆ ಆದರೂ ಗುತ್ತಿಗೆ ಹಿಡಿದವನು ಸುಮ್ನೆ ಬಂದು ಬೇಲಿ ಹಾಕುವ ಹಾಗಿಲ್ಲ. ಗಣಿ ಕಾಯ್ದೆಯ 24ಎ ಪ್ರಕಾರ ಮೇಲ್ನೆಲದ ಹಕ್ಕುದಾರರಿಗೆ ಪರಿಹಾರ ಕೊಡಬೇಕು. ಆದರೆ ನಾನು ಮೊದಲೇ ಹೇಳಿದ ನಿಯಮ ಬದಲಾವಣೆ ಇದು: 2025ರ ಸೆಪ್ಟೆಂಬರ್ 8ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಆದೇಶದ ಪ್ರಕಾರ, ಅಣು ಖನಿಜ ಮತ್ತು ಈ ನಿರ್ಣಾಯಕ ಖನಿಜಗಳ ಗಣಿಗಳಿಗೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. ಸಣ್ಣ ಗಣಿಯಾದರೂ ಪರಿಸರ ಅನುಮತಿ ದೆಹಲಿಯಲ್ಲೇ ತೀರ್ಮಾನ. ಡಿಸಿಯವರ ಮುಂದೆ ಶಾಮಿಯಾನದಲ್ಲಿ ಕೂತು, ಮೈಕ್ ಹಿಡಿದು 'ನಮ್ಮ ನಾಲೆ ನೀರಿನ ಗತಿ ಏನು ಸ್ವಾಮಿ' ಅಂತ ಕೇಳುವ ಅವಕಾಶ ಇತ್ತಲ್ಲ, ಅದೇ ಈಗ ಇಲ್ಲ. ದೇಶದ ಭದ್ರತೆ ಅನ್ನುವ ಕಾರಣ ಕೊಟ್ಟಿದ್ದಾರೆ. ನಾನು ಗಣಿ ಬೇಕು ಅನ್ನುವ ಕಡೆಯವನು, ಆದರೂ ಇದನ್ನು ಒಪ್ಪುವುದಿಲ್ಲ. ಹರಾಜು ಬಿದ್ದುಹೋಗಿದ್ದು ರೈತರು ಪ್ರಶ್ನೆ ಕೇಳಿದ್ದಕ್ಕಲ್ಲ.

ಊರಿಗೆ ಬರುವ ಪಾಲನ್ನೂ ನೋಡಿ. ಗಣಿ ಇರುವ ಜಿಲ್ಲೆಗೆ ಅಂತ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಹರಾಜಿನಲ್ಲಿ ಹೋದ ಗಣಿಯಿಂದ ಅದಕ್ಕೆ ಸಿಗುವುದು ರಾಜಧನದ ಹತ್ತು ಪರ್ಸೆಂಟ್. ಲಿಥಿಯಂ ರಾಜಧನ ಮೂರು ಪರ್ಸೆಂಟ್, ಅದರಲ್ಲಿ ಹತ್ತು ಪರ್ಸೆಂಟ್ ಅಂದರೆ ನೂರು ರೂಪಾಯಿ ಲಿಥಿಯಂಗೆ ಮೂವತ್ತು ಪೈಸೆ. ಆ 76 ರೂಪಾಯಿಯಂಥ ಪ್ರೀಮಿಯಂ ಈ ಲೆಕ್ಕಕ್ಕೆ ಬರುವುದಿಲ್ಲ, ಅದು ನೇರ ರಾಜ್ಯದ ಖಜಾನೆಗೆ. ನಿಮ್ಮ ಶಾಸಕರನ್ನು ಏನಾದರೂ ಕೇಳುವುದಿದ್ದರೆ ಈ ಮೂವತ್ತು ಪೈಸೆ ಬಗ್ಗೆ ಕೇಳಿ.

ಸದ್ಯಕ್ಕೆ ಕೊರೆಯುವ ತಂಡ ಮತ್ತೆ ಬಂದರೆ ಗಾಬರಿ ಬೇಡ. ಯಾವ ಇಲಾಖೆ, ಆದೇಶದ ಪ್ರತಿ ಎಲ್ಲಿ ಅಂತ ಕೇಳಿ, ಬೆಳೆಗೆ ಹಾನಿ ಆದರೆ ಪರಿಹಾರ ಯಾರು ಕೊಡುತ್ತಾರೆ ಅಂತ ಬರೆಸಿಕೊಳ್ಳಿ, ಕೊರೆದ ತೂತನ್ನು ಮುಚ್ಚಿಸಿಕೊಳ್ಳಿ. ದನದ ಕಾಲು ಸಿಕ್ಕಿಹಾಕಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಲಿಥಿಯಂ ಬರುತ್ತದೆ ಅಂತ ಜಮೀನು ಮಾರಲೂ ಬೇಡಿ, ಕೊಳ್ಳಲೂ ಬೇಡಿ. ರೇಟು ಕೇಳಿಕೊಂಡು ಬಂದವರು 14,100ರ ಅಂಕಿ ನೋಡಿ ಬಂದವರು.

ಕೊನೆಗೆ ಸ್ಕೂಟರ್. ಮೂರು ಯೂನಿಟ್‌ನ ಬ್ಯಾಟರಿಗೆ ಲಿಥಿಯಂ ಕಾರ್ಬೊನೇಟ್ ಎರಡು ಕಿಲೋ ಹತ್ತಿರ ಬೇಕು. 2025ರ ನಡುಭಾಗದ ಬೆಲೆಯಲ್ಲಿ ಅದು ಸಾವಿರದ ಐನೂರು, ಸಾವಿರದ ಆರುನೂರು ರೂಪಾಯಿಯ ಮಾಲು. ಮಂಡ್ಯದ ನೆಲ ಅಷ್ಟೂ ಪುಕ್ಕಟೆ ಕೊಟ್ಟಿತು ಅಂದುಕೊಂಡರೂ ಲಕ್ಷ ರೂಪಾಯಿಯ ಸ್ಕೂಟರ್‌ನಲ್ಲಿ ಉಳಿಯುವುದು ಒಂದು ಒಳ್ಳೆ ಹೆಲ್ಮೆಟ್‌ನ ದುಡ್ಡು. ಬ್ಯಾಟರಿಯ ಖರ್ಚು ಕೂತಿರುವುದು ಸೆಲ್ ಮಾಡುವ ಕಾರ್ಖಾನೆಯಲ್ಲಿ. ಆ ಸೆಲ್‌ಗಳು ಇವತ್ತಿಗೂ ಹೆಚ್ಚಿನಂಶ ಬರುತ್ತಿರುವುದು ಹಡಗಿನಲ್ಲಿ.